ಯಾರ ಕಿವಿಗೆ ಹಾಕುತ್ತೀರಿ?

ಫೆಬ್ರವರಿ ೪

ಅಕ್ಕ,

ನೀನು ಫೋನು ಎತ್ತುವುದಿಲ್ಲ ಎಂದು ಗೊತ್ತಿದ್ದೂ ಈ ವಾರ ದಿನವೂ ಮಾಡಿದೆ. ಒಂದು ಸಲ ಭಾವ ಎತ್ತಿದರು. "ಪಕ್ಕದಲ್ಲೇ ಇದ್ದಾಳೆ. ಇಲ್ಲ ಅಂತ ಹೇಳು ಅಂತಿದ್ದಾಳೆ" ಎಂದು ಪಾಪ, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು. ಆದ್ದರಿಂದ ಈ ಕಾಗದ. ಹರಿದುಹಾಕುವ ಮೊದಲು ಓದು, ಓದಿದ ಮೇಲೆ ಏನು ಬೇಕಾದರೂ ಮಾಡಿಕೋ.

ಚಿನ್ನುವಿನ ಮದುವೆಗೆ ನಾನು ಬರಲಿಲ್ಲ. ಆಗ ಬೇರೊಂದು ಊರಿನಲ್ಲಿ ದದ್ದು ಜ್ವರ ಹಬ್ಬಿತ್ತು, ಲೆಕ್ಕ ಅರ್ಧಕ್ಕೆ ಬಿಟ್ಟು ಏಳುವ ಹಾಗಿರಲಿಲ್ಲ. ಇದನ್ನು ನೀನು ಒಪ್ಪುವುದಿಲ್ಲ, ನಾನೂ ಮತ್ತೆ ವಾದ ಮಾಡುವುದಿಲ್ಲ. ಈಗ ಅದೇ ಜ್ವರ ನಿಮ್ಮ ಊರಿಗೆ ಬಂದಿದೆ, ನಿನ್ನ ಮಗಳು ಚಿನ್ನುವಿಗೆ ಆರು ತುಂಬಿ ಏಳನೆಯ ತಿಂಗಳು. ಬಸುರಿಯರಿಗೆ ಈ ಜ್ವರ ತಗುಲಿದರೆ ಏನಾಗುತ್ತದೆ ಎಂದು ನರ್ಸಾದ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅವರಿಗೆ ಇದರ ಲಸಿಕೆಯನ್ನು ಹಾಕುವ ಹಾಗೂ ಇಲ್ಲ. ತಾಯಿ ಮಗು ಉಳಿಯಬೇಕಾದರೆ ಜ್ವರ ಅವಳವರೆಗೆ ಬರಲೇಬಾರದು, ಅಷ್ಟೇ ದಾರಿ.

ನಿಮ್ಮ ಊರಿಗೆ ಐದು ಜನರಲ್ಲಿ ಒಬ್ಬರಿಗೆ ಸಾಲುವಷ್ಟು ಲಸಿಕೆ ಬರಲಿದೆ, ಹಂಚುವ ಹೊಣೆ ನಿನ್ನದು ಎಂದು ಇಲ್ಲಿ ತಿಳಿಯಿತು. ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿದವಳಲ್ಲ, ಈಗ ಕೇಳಿಸಿಕೋ. ನಾನು ಕಂಪ್ಯೂಟರಿನೊಳಗೆ ಒಂದು ಊರು ಮಾಡುತ್ತೇನೆ. ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಓಡಾಡುವವರ ನಡುವೆ ಒಂದು ಗೆರೆ. ಹೆಚ್ಚಿನ ಚುಕ್ಕೆಗಳಿಗೆ ನಾಲ್ಕಾರು ಗೆರೆ ಇರುತ್ತವೆ, ಎಲ್ಲೋ ಕೆಲವಕ್ಕೆ ನೂರಾರು. ಜ್ವರ ಊರು ಸುತ್ತುವುದು ಆ ಕೆಲವರ ಬೆನ್ನೇರಿ. ಅವರಿಗೆ ಲಸಿಕೆ ಹಾಕಿಬಿಟ್ಟರೆ ಜಾಲ ತುಂಡುತುಂಡಾಗಿ, ಜ್ವರ ಇದ್ದಲ್ಲೇ ಸಿಕ್ಕಿಕೊಂಡು ಆರಿಹೋಗುತ್ತದೆ.

ಅವರು ಯಾರು ಎಂದು ಎಣಿಸುತ್ತಾ ಕೂರಲು ಹೊತ್ತಿಲ್ಲ. ಎಣಿಸಬೇಕಾಗಿಯೂ ಇಲ್ಲ. ಚೀಟಿ ಎತ್ತಿ ಯಾವುದಾದರೂ ಒಂದು ಮನೆಗೆ ಹೋಗು. ಬಾಗಿಲು ತೆಗೆದವರಿಗೆ ಲಸಿಕೆ ಹಾಕಬೇಡ. "ನಿಮಗೆ ಗೊತ್ತಿರೋ ಒಬ್ಬರ ಹೆಸರು ಹೇಳಿ" ಎಂದು ಕೇಳಿ, ಆ ಹೆಸರಿನವರಿಗೆ ಹಾಕು. ಊರೆಲ್ಲ ಬಲ್ಲವರ ಹೆಸರು ಹತ್ತು ಬಾಯಿಂದ ಬರುತ್ತದೆ, ಮೂಲೆ ಹಿಡಿದು ಕೂತವರ ಹೆಸರು ಅಪರೂಪಕ್ಕೆ ಬರುತ್ತದೆ. ಬರೀ ಇಷ್ಟರಿಂದಲೇ ನಮಗೆ ಬೇಕಾದವರು ಸಿಕ್ಕಿಬೀಳುತ್ತಾರೆ.

ಚಿನ್ನುವಿಗೆ ನನ್ನ ಮುತ್ತು. ಕೊಡುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ನಿನ್ನ ತಂಗಿ

*

ಫೆಬ್ರವರಿ ೮

ಪುಟ್ಟಿ,

ಮದುವೆಗೆ ಬಾರದವಳು ಜ್ವರಕ್ಕೆ ಬಂದೆ. ಅದೂ ಕಾಗದದಲ್ಲಿ. ಇರಲಿ, ಹರಿಯಲಿಲ್ಲ. ಹರಿಯುತ್ತೇನೆಂಬ ಹೆದರಿಕೆಗೆ ನಿನ್ನ ಭಾವ ತಾವೇ ಗಟ್ಟಿಯಾಗಿ ಓದಿ ಹೇಳಿದರು.

ಲಸಿಕೆ ಕೇಂದ್ರವನ್ನು ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ ಮಾಡಿದ್ದಾರೆ. ಗೋಡೆ ತುಂಬ ಮಕ್ಕಳು ಬರೆದ ಬೆಕ್ಕುಗಳು. ಒಂದಕ್ಕೆ ಐದು ಕಾಲು. ಅದರ ಕೆಳಗೆ ಮಂಜುಗಡ್ಡೆಯ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ನಾನು. ನಮ್ಮ ಆರೋಗ್ಯಾಧಿಕಾರಿ ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಫೋನು ಬಂದರೆ ಯಾರೂ ನೋಡದಿದ್ದರೂ ಎದ್ದು ನಿಂತೇ ಮಾತಾಡುತ್ತಾರೆ. ಹೇಗೆ ಹಂಚುತ್ತೀಯೋ ನೀನೇ ನೋಡಿಕೋ ಎಂದು ನನ್ನ ತಲೆಗೆ ಕಟ್ಟಿದ್ದಾರೆ.

ನಾನು ನೋಡಿಕೊಂಡೂ ಆಗಿತ್ತು. ಮೊದಲು ಚಿನ್ನುವಿನ ಬೀದಿ. ಅಳಿಯ, ಅವನ ಅಪ್ಪ ಅಮ್ಮ, ಮಹಡಿ ಮೇಲಿನವರು, ಎದುರು ಮನೆ, ಮೂಲೆಯ ಅಂಗಡಿಯವನು. ಅವಳ ಸುತ್ತ ಒಂದು ಗೋಡೆ ಎಬ್ಬಿಸಿಬಿಡುವುದು ಎಂದುಕೊಂಡಿದ್ದೆ. ಆಡಿಕೊಳ್ಳುವವರು ಆಡಿಕೊಳ್ಳಲಿ, ನಾನು ಹೆತ್ತವಳು. ನೀನು ನೋಡಿದರೆ ಯಾರೋ ಹೇಳಿದ ಇನ್ಯಾರಿಗೋ ಹಾಕು ಎನ್ನುತ್ತೀಯೆ. ಪೆಟ್ಟಿಗೆ ನನ್ನ ಕೈಯಲ್ಲಿರುವಾಗ ನನ್ನ ಮಗಳ ಬೀದಿಯನ್ನು ಬಿಟ್ಟು ಮುಂದೆ ಹೋಗಲೇ? ಹೌದೋ ಅಲ್ಲವೋ, ಸುತ್ತಿ ಬಳಸದೆ ಬರೆ.

ಫೋನು ಮಾಡಬೇಡ. ಮಾತಾಡಿದರೆ ನನಗೆ ಅಳು, ನಿನಗೆ ಸಿಟ್ಟು. ಕೆಲಸ ಕೆಡುತ್ತದೆ.

ನಿನ್ನ ಅಕ್ಕ

*

ಫೆಬ್ರವರಿ ೧೨

ಅಕ್ಕ,

ಹೌದು. ಬಿಟ್ಟು ಮುಂದೆ ಹೋಗು.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಕಾರಿಡಾರಿನಲ್ಲಿ ಸುತ್ತು ಹೊಡೆದು ಬಂದೆ. ನಿನ್ನ ಗೋಡೆಯನ್ನು ನಾನು ಕಡೆಗಣಿಸಲಿಲ್ಲ. ಕಂಪ್ಯೂಟರಿನಲ್ಲಿ ಕಟ್ಟಿಯೇ ನೋಡಿದೆ. ಆ ಬೀದಿಗೆಲ್ಲ ಲಸಿಕೆ ಹಾಕಿ ಜ್ವರವನ್ನು ಊರಿಗೆ ಬಿಟ್ಟೆ. ಒಂದು ಸಲವಲ್ಲ, ಕಣ್ಣು ಉರಿಯುವವರೆಗೆ ಬಿಟ್ಟೆ. ಗೋಡೆ ಮೊದಮೊದಲು ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಊರೆಲ್ಲ ಜ್ವರ ತುಂಬಿಕೊಂಡು ಎಲ್ಲಿಂದಲಾದರೂ ಒಳಗೆ ನುಗ್ಗುತ್ತದೆ. ಅವಳು ತಪಾಸಣೆಗೆ ಹೋಗಬೇಡವೇ? ಹೆರಿಗೆಗೆ ಆಸ್ಪತ್ರೆಗೆ ಬರಬೇಡವೇ? ಆ ಹೊತ್ತಿಗೆ ನಿನ್ನ ಆಸ್ಪತ್ರೆಯ ತುಂಬ ಜ್ವರದವರೇ ಇರುತ್ತಾರೆ.

ಹೆಸರು ಕೇಳಿ ಹಾಕಿದಾಗ ಹೆಚ್ಚಿನ ಸಲ ಜ್ವರ ಅವಳ ಬೀದಿ ಮುಟ್ಟುವ ಮೊದಲೇ ಊರಿನಲ್ಲೇ ಆರಿತು. ಹೆಚ್ಚಿನ ಸಲ ಎಂದೆ, ಪ್ರತಿಸಲ ಎನ್ನಲಿಲ್ಲ. ಕೆಲವು ಸಲ ಬಂದಿದೆ, ಅಕ್ಕ. ಬರುವುದೇ ಇಲ್ಲ ಎಂದು ಬರೆದಿದ್ದರೆ ನೀನು ಬೇಗ ಒಪ್ಪುತ್ತಿದ್ದೆ, ಆದರೆ ಆಮೇಲೆ ನಾನು ಯಾವ ಮುಖ ಹೊತ್ತು ಬದುಕಲಿ?

ಆ ಸಾವಿರಾರು ಚುಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಹಳದಿ ಬಣ್ಣ ಕೊಟ್ಟಿದ್ದೇನೆ. ಲೆಕ್ಕ ಓಡುವಷ್ಟು ಹೊತ್ತೂ ಅದರ ಮೇಲೆ ಬೆರಳಿಟ್ಟುಕೊಂಡು ಕೂರುತ್ತೇನೆ. ಜೊತೆಯ ಕೆಲಸದವರು ನಗುತ್ತಾರೆ. ನಗಲಿ.

ನಿನ್ನ ಪುಟ್ಟಿ

*

ಫೆಬ್ರವರಿ ೨೦

ಪುಟ್ಟಿ,

ನಿನ್ನ ಚುಕ್ಕೆಗಳಿಗೆ ಅಮ್ಮ ಇರುವುದಿಲ್ಲವೇನೇ?

ನೀನು ಹೇಳಿದ ಹಾಗೇ ಮಾಡಿದೆ. ಎದೆ ಕಲ್ಲು ಮಾಡಿಕೊಂಡು ಚಿನ್ನುವಿನ ಬೀದಿಯನ್ನು ಬಿಟ್ಟೆ. ಚೀಟಿ ಎತ್ತಿ, ಬಿಸಿಲಲ್ಲಿ ಮನೆಮನೆ ಅಲೆದು, ಗೊತ್ತಿರುವ ಒಬ್ಬರ ಹೆಸರು ಹೇಳಿ ಎಂದು ಕೇಳಿದೆವು. ಮೊದಲ ದಿನ ಬೆಳಿಗ್ಗೆ ಚೆನ್ನಾಗಿಯೇ ನಡೆಯಿತು. ಮಧ್ಯಾಹ್ನದ ಹೊತ್ತಿಗೆ, ಯಾರ ಹೆಸರು ಹೇಳುತ್ತೇವೋ ಅವರಿಗೆ ಲಸಿಕೆ ಸಿಗುತ್ತದೆ ಎಂಬುದು ಊರಿಗೆಲ್ಲ ಗೊತ್ತಾಯಿತು. ಅಲ್ಲಿಗೆ ಮುಗಿಯಿತು ನಿನ್ನ ಲೆಕ್ಕ.

ಒಬ್ಬ ತನ್ನ ತಾಯಿಯ ಹೆಸರು ಕೊಟ್ಟ. ಆಕೆ ಹಾಸಿಗೆ ಬಿಟ್ಟು ಎದ್ದು ಎಷ್ಟು ಕಾಲವಾಯಿತೋ. ಇನ್ನೊಬ್ಬ ಹೆಂಡತಿಯ ಹೆಸರು ಹೇಳಿ ನಾಚಿಕೊಂಡ. ಒಬ್ಬಳು ಅಜ್ಜಿಯನ್ನು ಹೇಳಿದಳು, ಆ ಅಜ್ಜಿಯ ಹತ್ತಿರ ಹೋದರೆ ಅವರು ಮೊಮ್ಮಗಳಿಗೇ ಹಾಕಿ ಎಂದು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಒಬ್ಬ ಯಜಮಾನರು ಗಂಭೀರವಾಗಿ ಯೋಚಿಸಿ ತಮ್ಮ ಹೆಸರನ್ನೇ ಹೇಳಿಕೊಂಡರು. "ನನಗೆ ಗೊತ್ತಿರೋರಲ್ಲಿ ನಾನೇ ಒಳ್ಳೆಯವನು" ಎಂದರು.

ನಗಬೇಡ. ಬಂದ ಲಸಿಕೆಯಲ್ಲಿ ಅರ್ಧ ಹೀಗೆ ಮನೆಯಿಂದ ಹೊರಗೆ ಕಾಲಿಡದವರ ತೋಳಿಗೆ ಹೋಯಿತು. ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡು ಅಮ್ಮನ ಹೆಸರು ಹೇಳುವವನಿಗೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನಾದರೂ ಚಿನ್ನು ಎಂದೇ ಹೇಳುತ್ತಿದ್ದೆ. ಅತ್ತ ಜ್ವರದ ವಾರ್ಡು ತುಂಬಿ, ಮಂಚಗಳನ್ನು ವರಾಂಡಕ್ಕೆ ಹಾಕಿದ್ದೇವೆ. ಮೊದಲು ಯೋಚಿಸಿದ ಹಾಗೆ ಅವಳ ಬೀದಿಗಾದರೂ ಹಾಕಿದ್ದರೆ ಎಂದು ಹೊಟ್ಟೆ ಉರಿಯುತ್ತಿದೆ. ನಿನ್ನ ಮೇಲೆ ಬಹಳ ಕೋಪ ಬಂದಿದೆ.

ಅಕ್ಕ

*

ಫೆಬ್ರವರಿ ೨೩

ಅಕ್ಕ,

ಕೋಪ ಮಾಡಿಕೋ. ನ್ಯಾಯವಾದದ್ದೇ.

ನಿನ್ನ ಕಾಗದ ಓದಿ ತಲೆ ಚಚ್ಚಿಕೊಂಡೆ. ಇಲ್ಲಿ ಮೇಜಿನ ಸುತ್ತ ಕೂತು ಇಷ್ಟೊಂದು ಜನ ಇಷ್ಟೊಂದು ತಲೆ ಕೆಡಿಸಿಕೊಂಡೆವು. ಹೆಸರು ಕೇಳಿದರೆ ಯಾವುದೋ ಒಂದು ಗೆರೆ ಹಿಡಿದು ಒಂದು ಹೆಸರು ಬರುತ್ತದೆ ಎಂದುಕೊಂಡೆವೇ ಹೊರತು, ಕೇಳಿಸಿಕೊಂಡವರು ಅದನ್ನು ಪ್ರೀತಿ ತೋರಿಸುವ ಅವಕಾಶ ಮಾಡಿಕೊಳ್ಳುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪ್ರೀತಿಸುವವರನ್ನು ಹೇಳಿ ಎಂದರೆ ಜನ ಮನೆಯೊಳಕ್ಕೆ ನೋಡುತ್ತಾರೆ. ನಮಗೆ ಬೇಕಾದವರು ಹೊರಗೆ ಓಡಾಡುತ್ತಿರುತ್ತಾರೆ.

ಯಾತಕ್ಕೆ ಕೇಳುತ್ತಿದ್ದೇವೆ ಎಂಬುದನ್ನು ಹೇಳದೆ ಕೇಳಿದರೆ ಹೇಗೆ? ಬೇರೇನೋ ಸಮೀಕ್ಷೆ ಎನ್ನಿ. ಉಳಿದ ಅರ್ಧ ಲಸಿಕೆ ಸರಿಯಾದವರಿಗೆ ಬಿದ್ದರೆ ಇನ್ನೂ ತಡೆಯಬಹುದು. ಈ ವಾರವೇ ಆಗಬೇಕು, ಮುಂದಿನ ವಾರವಾದರೆ ನನ್ನ ಲೆಕ್ಕ ಏನೂ ಹೇಳುವುದಿಲ್ಲ. ಹಳದಿ ಚುಕ್ಕೆ ಇವತ್ತು ಲೆಕ್ಕ ಓಡಿಸಿದಾಗಲೆಲ್ಲ ಜ್ವರ ತಗುಲಿ ಕೆಂಪಾಯಿತು. ನನಗೆ ಊಟ ಸೇರಲಿಲ್ಲ.

ಪುಟ್ಟಿ

*

ಫೆಬ್ರವರಿ ೨೭

ಪುಟ್ಟಿ,

ಸುಳ್ಳು ಹೇಳುವುದಿಲ್ಲ. ಇವತ್ತು ಸಮೀಕ್ಷೆ ಎಂದು ನಂಬಿಸಿದರೆ ನಾಳೆ ಯಾವ ಕಾಯಿಲೆಗೂ ಈ ಊರಿನಲ್ಲಿ ನನಗೆ ಬಾಗಿಲು ತೆಗೆಯುವುದಿಲ್ಲ. ಆದರೆ ಮನೆಯೊಳಕ್ಕೆ ನೋಡುತ್ತಾರೆ ಎಂದು ನೀನು ಬರೆದ ಮಾತು ತಲೆಯಲ್ಲಿ ಕೂತುಬಿಟ್ಟಿತು. ಪ್ರೀತಿಗೆ ಕೆಲಸವೇ ಇಲ್ಲದ ಪ್ರಶ್ನೆ ಯಾವುದು ಎಂದು ಯೋಚಿಸುತ್ತಾ ಸಿರಿಂಜು ಎಣಿಸುವುದೂ ತಪ್ಪಿಹೋಯಿತು.

ಆಗ ನನ್ನ ಜೊತೆಯ ನರ್ಸು ಗೊಣಗಿದಳು. "ನಮ್ಮ ಆಫೀಸರ್‌ಗೆ ಮೇಲಿನವರು ಬೈದಿದ್ದು ಇಸ್ತ್ರಿ ಅಂಗಡಿಯವಳಿಗೂ ಗೊತ್ತಂತೆ. ಅವಳಿಗೆ ಗೊತ್ತಾದ ಮೇಲೆ ಊರಲ್ಲಿ ಇನ್ಯಾರಿಗೆ ಗೊತ್ತಾಗೋದು ಬಾಕಿ ಇದೆ?"

ನಾನು ಕುರ್ಚಿ ಬಿಟ್ಟು ಎದ್ದೆ. ಮರುದಿನದಿಂದ ಪ್ರಶ್ನೆ ಬದಲಾಯಿತು. "ಫೋನೇ ಇಲ್ಲ ಅಂದ್ಕೊಳ್ಳಿ. ಒಂದು ಸುದ್ದಿ ಸಂಜೆಯೊಳಗೆ ಊರಿಗೆಲ್ಲ ತಲುಪಬೇಕು. ಯಾರ ಕಿವಿಗೆ ಹಾಕ್ತೀರಿ?" ಯಾತಕ್ಕೆ ಕೇಳುತ್ತಿದ್ದೇವೆ ಎಂಬುದನ್ನೂ ಬಾಯಿಬಿಟ್ಟು ಹೇಳಿದೆವು. ಸುದ್ದಿ ಹಬ್ಬಿಸುವವರೇ ಗೊತ್ತಿಲ್ಲದೆ ಜ್ವರವನ್ನೂ ಹಬ್ಬಿಸುತ್ತಾರೆ, ಅವರನ್ನು ಕಾದರೆ ನಿಮ್ಮ ಅಮ್ಮನನ್ನೂ ಕಾದ ಹಾಗೆ ಎಂದೆವು.

ಪುಟ್ಟಿ, ಒಬ್ಬರೂ ಹಾಸಿಗೆ ಹಿಡಿದ ತಾಯಿಯ ಹೆಸರು ಹೇಳಲಿಲ್ಲ. ಜ್ವರ ಬಂದಂದಿನಿಂದ ಈ ಊರಿನಲ್ಲಿ ನಗು ಕೇಳಿದ್ದು ಇದೇ ಮೊದಲು. ಜನ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕು ಹೆಸರು ಕೊಟ್ಟರು. ಇಸ್ತ್ರಿ ಅಂಗಡಿಯವಳು ಮೊದಲನೆಯವಳು, ಅದರಲ್ಲಿ ಸಂಶಯವೇ ಇರಲಿಲ್ಲ. ಕ್ಷೌರದಂಗಡಿಯವನು, ಸಂಗೀತದ ಮೇಷ್ಟ್ರು, ಬಸ್ಸಿನ ಕಂಡಕ್ಟರು, ಮನೆಗೆಲಸಕ್ಕೆ ಹೋಗುವ ಒಬ್ಬಾಕೆ, ನಿವೃತ್ತರಾಗಿ ದಿನವಿಡೀ ಬೆಂಚಿನಿಂದ ಬೆಂಚಿಗೆ ಬದಲಾಯಿಸುವ ಒಬ್ಬರು ಹಿರಿಯರು. ಆರೋಗ್ಯಾಧಿಕಾರಿಗಳ ಹೆಂಡತಿಯ ಹೆಸರೂ ನಾಲ್ಕಾರು ಮನೆಗಳಿಂದ ಬಂತು. ಸಾಹೇಬರು ಪಟ್ಟಿ ನೋಡಿ ಕನ್ನಡಕ ತೆಗೆದು ಒರೆಸಿ, "ಇದು ಸರಿಯಾಗೇ ಇದೆ" ಎಂದರು.

ಪೆಟ್ಟಿಗೆಯಲ್ಲಿ ಉಳಿದದ್ದನ್ನೆಲ್ಲ ಇವರಿಗೇ ಹಾಕುತ್ತಿದ್ದೇನೆ. ಅಳಿಯ ಬಂದು, "ಅತ್ತೆ, ನಮ್ಮ ಮನೆಗೆ ಒಂದೆರಡು?" ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದೆ. ಅವನು ಹೊರಟುಹೋದ. ಸರಿಯೇನೇ ನಾನು ಮಾಡಿದ್ದು? ಬೇಗ ಬರೆ.

ಅಕ್ಕ

*

ಮಾರ್ಚ್ ೩

ಅಕ್ಕ,

ಸರಿ. ನೂರಕ್ಕೆ ನೂರು ಸರಿ. ನಿನ್ನ ಪ್ರಶ್ನೆ ಓದಿ ಇಲ್ಲಿ ಕುಣಿದುಬಿಟ್ಟೆ, ಪಕ್ಕದ ಕೋಣೆಯ ಪ್ರೊಫೆಸರು ಬಾಗಿಲು ತಟ್ಟಿ ವಿಚಾರಿಸುವಷ್ಟು.

ಬಾಯಿಂದ ಬಾಯಿಗೆ ಹೋಗುವ ಮಾತೂ ಉಸಿರಿನಿಂದ ಉಸಿರಿಗೆ ಹೋಗುವ ಜ್ವರವೂ ಹೆಚ್ಚುಕಡಿಮೆ ಒಂದೇ ಗೆರೆಗಳ ಮೇಲೆ ಓಡುತ್ತವೆ. ಎರಡಕ್ಕೂ ಎದುರುಬದುರು ನಿಲ್ಲಬೇಕು. ಯಾವ ಮನೆ ಯಾವ ಹೆಸರು ಹೇಳಿತು ಎಂದು ನೀನು ಕಾಗದದ ಜೊತೆ ಕಳಿಸಿದ ಪಟ್ಟಿಯನ್ನು ಕಂಪ್ಯೂಟರಿನ ನನ್ನ ಊರಿಗೆ ಹಾಕಿದೆ. ಅದು ನಾವು ಊಹಿಸಿದ್ದಕ್ಕಿಂತ ಚೆನ್ನಾಗಿ ತುಂಡಾಯಿತು. ಪ್ರೊಫೆಸರು ಬಹಳ ಹೊತ್ತು ಪರದೆ ನೋಡಿ, "ಈ ಪ್ರಶ್ನೆ ಯಾರದು?" ಎಂದು ಕೇಳಿದರು. ನಮ್ಮಕ್ಕನದು ಎಂದೆ. ಹಾಗೆ ಹೇಳುವಾಗ ನನ್ನ ಕುತ್ತಿಗೆ ಎಷ್ಟು ಉದ್ದವಾಯಿತೋ ಗೊತ್ತಿಲ್ಲ.

ಅಳಿಯನಿಗೆ ಇಲ್ಲ ಎಂದೆಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನಿಂದಾಗುತ್ತಿರಲಿಲ್ಲ. ಇನ್ನು ಎರಡು ವಾರ ವಾರ್ಡು ಹೀಗೇ ತುಂಬಿರುತ್ತದೆ, ಈಗಾಗಲೇ ತಗುಲಿರುವುದು ಹೊರಗೆ ಬೀಳಬೇಕು. ಹೆದರಬೇಡ. ಆಮೇಲೆ ನೋಡು.

ನಿನ್ನ ಪುಟ್ಟಿ

*

ಮಾರ್ಚ್ ೧೯

ಪುಟ್ಟಿ,

ವರಾಂಡದ ಮಂಚಗಳು ಖಾಲಿಯಾಗಿವೆ. ಹೋದ ವಾರಕ್ಕಿಂತ ಈ ವಾರ ಅರ್ಧ ಜನ. ಇದನ್ನು ಸಂತೋಷದಿಂದ ಬರೆಯಬೇಕೆಂದಿದ್ದೆ, ಆದರೆ ನಿನ್ನೆ ಇನ್ನೊಂದಾಯಿತು.

ಚಿನ್ನುವಿನ ಮನೆಯ ಮಹಡಿ ಮೇಲಿನ ಮಗುವಿಗೆ ಜ್ವರ ಬಂದು ದದ್ದು ಎದ್ದಿದೆ. ಸುದ್ದಿ ಕೇಳಿ ಓಡಿದೆ. ಮೇಲಿನವರಿಗೂ ಕೆಳಗಿನವರಿಗೂ ಇರುವ ಒಂದೇ ನಂಟು ಮನೆಗೆಲಸದಾಕೆ. ಚಿನ್ನು ಅವಳನ್ನು ಈ ತಿಂಗಳಷ್ಟೇ ಇಟ್ಟುಕೊಂಡಿದ್ದಳು, ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಮೇಲೆ ಆ ಮಗುವಿನ ಮೈ ಒರೆಸಿ, ಬಟ್ಟೆ ಒಗೆದು, ಎತ್ತಿ ಸಮಾಧಾನ ಮಾಡಿ, ಹಾಗೇ ಕೆಳಗಿಳಿದು ನನ್ನ ಮಗಳ ಅಡುಗೆಮನೆಗೆ ಬರುವುದು. ಮೂರು ದಿನ ಹೀಗೆ ನಡೆದಿದೆ.

ಬಾಗಿಲಲ್ಲಿ ಅವಳೇ ಎದುರಾದಳು. ನನ್ನ ಮುಖ ನೋಡಿ, "ಏನಮ್ಮಾ, ಗುರುತು ಸಿಗಲಿಲ್ವಾ? ನೀವೇ ಅಲ್ವಾ ಚುಚ್ಚಿದ್ದು, ಎರಡು ದಿನ ತೋಳು ಎತ್ತೋಕಾಗಲಿಲ್ಲ" ಎಂದು ತೋಳು ತೋರಿಸಿದಳು. ಯಾವುದೋ ಬೀದಿಯ ಯಾರೋ ಮೂವರು, ಚಿನ್ನು ಯಾರೆಂದೂ ಅರಿಯದವರು, ಇವಳ ಕಿವಿಗೆ ಹಾಕುತ್ತೇವೆ ಎಂದಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಗೋಡೆಯ ಯೋಚನೆಯಲ್ಲಿ ಇವಳು ಇರಲೇ ಇಲ್ಲ. ಅವಳ ಮನೆ ಆ ಬೀದಿಯಲ್ಲಿಲ್ಲ, ಊರಿನ ಯಾವ ಮನೆಯಿಂದಲಾದರೂ ಜ್ವರ ಹೊತ್ತು ತರಬಹುದಿತ್ತು.

ಲಸಿಕೆ ಹಿಡಿದಿದೆ, ಅವಳಿಗೆ ಏನೂ ಆಗಿಲ್ಲ. ಆದರೂ ಚಿನ್ನುವಿಗೆ ತಗುಲಿದ್ದರೆ ಹೊರಗೆ ಬೀಳಲು ಇನ್ನೂ ದಿನಗಳಿವೆ. ಕಾಯುತ್ತಿದ್ದೇನೆ.

ಅಕ್ಕ

*

ಏಪ್ರಿಲ್ ೫

ಅಕ್ಕ,

ನಿನ್ನಿಂದ ಕಾಗದವಿಲ್ಲ. ಟಪಾಲಿನವನನ್ನು ಗೇಟಿನಲ್ಲೇ ಹಿಡಿಯುತ್ತಿದ್ದೇನೆ, ಅವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ. ಫೋನು ಮಾಡಲು ಧೈರ್ಯ ಬರುತ್ತಿಲ್ಲ.

ಏನಾದರೂ ಬರೆ. ಕೆಟ್ಟದ್ದಾದರೂ ಬರೆ.

ಪುಟ್ಟಿ

*

ಏಪ್ರಿಲ್ ೨೪

ನನ್ನ ಪುಟ್ಟಿ,

ಹೆಣ್ಣು ಮಗು. ತೂಕ ಚೆನ್ನಾಗಿದೆ, ಗಂಟಲು ಅದಕ್ಕಿಂತ ಚೆನ್ನಾಗಿದೆ. ತಾಯಿಗೂ ಮಗುವಿಗೂ ಜ್ವರದ ಗಾಳಿಯೂ ಸೋಕಿಲ್ಲ.

ಬರೆಯಲಿಲ್ಲ ಎಂದು ಬೈಯಬೇಡ. ಏನೂ ಆಗಿಲ್ಲ ಎಂದು ಬರೆದರೆ ಎಲ್ಲಿ ಆಗಿಬಿಡುತ್ತದೋ ಎಂಬ ಹೆದರಿಕೆ. ಇಷ್ಟು ವರ್ಷ ನರ್ಸಾಗಿದ್ದರೂ ನನ್ನ ಬುದ್ಧಿ ಇಷ್ಟೇ. ದಿನಾ ಬೆಳಿಗ್ಗೆ ಹೋಗಿ ಅವಳ ಹಣೆ ಮುಟ್ಟಿ ನೋಡುವುದು, ತೋಳು ಕತ್ತು ತಿರುಗಿಸಿ ನೋಡುವುದು. "ಅಮ್ಮಾ, ನಾನೇನು ಅಂಗಡಿಯ ಹಣ್ಣಾ?" ಎಂದು ರೇಗುತ್ತಿದ್ದಳು. ಹೆರಿಗೆಗೆ ಕರೆದುಕೊಂಡು ಬಂದಾಗ ಆಸ್ಪತ್ರೆಯಲ್ಲಿ ಜ್ವರದವರು ಒಬ್ಬರೂ ಇರಲಿಲ್ಲ. ಆ ವಾರ್ಡನ್ನು ತೊಳೆದು, ಕಿಟಕಿ ತೆಗೆದು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದೆವು. ಊರಿನಲ್ಲಿ ಈ ತಿಂಗಳು ಹೊಸದಾಗಿ ಒಬ್ಬರಿಗೂ ಬಂದಿಲ್ಲ. ಶಾಲೆಯಲ್ಲಿ ಮಕ್ಕಳ ಬೇಸಿಗೆ ಶಿಬಿರ ಶುರುವಾಗಿದೆ, ಚಿತ್ರಕಲೆಯ ಕೋಣೆಯಿಂದ ನಮ್ಮನ್ನು ಓಡಿಸಿದ್ದಾರೆ. ಅಕ್ಕಪಕ್ಕದ ಊರುಗಳಲ್ಲಿ ಜ್ವರ ಇನ್ನೂ ಏರುತ್ತಲೇ ಇದೆ.

ಅದಕ್ಕೇ ನಿನ್ನೆ ಆ ಊರುಗಳ ನರ್ಸುಗಳನ್ನೆಲ್ಲ ನಮ್ಮ ಆಸ್ಪತ್ರೆಯ ದೊಡ್ಡ ಹಾಲಿಗೆ ಕರೆಸಿದ್ದರು. ನಾನು ಹೇಳಿಕೊಡಬೇಕಂತೆ. ಚೀಟಿ ಎತ್ತುವುದರಿಂದ ಹಿಡಿದು ಪ್ರಶ್ನೆ ಕೇಳುವವರೆಗೆ ಎಲ್ಲ ಹೇಳಿದೆ. ಅಮ್ಮಂದಿರ ಹೆಸರು ಬಂದದ್ದನ್ನೂ ಮುಚ್ಚಿಡಲಿಲ್ಲ, ಅವರೂ ಅದೇ ಗುಂಡಿಗೆ ಬೀಳುವುದು ಬೇಡ. ಆರೋಗ್ಯಾಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ನೀನು ರಜೆ ಹಾಕಿ ಬಾ. ಮಗು ನೋಡು, ನಾಲ್ಕು ದಿನ ಇರು. ಜಗಳ ಬಂದರೆ ಆಡೋಣ. ಚಿನ್ನು ಎರಡು ದಿನದಿಂದ ಚಿಕ್ಕಮ್ಮ ಎಲ್ಲಿ, ಚಿಕ್ಕಮ್ಮ ಯಾವಾಗ ಎಂದು ನನ್ನ ತಲೆ ತಿನ್ನುತ್ತಿದ್ದಾಳೆ.

ಒಂದು ಹೇಳುವುದು ಮರೆತೆ. ಹಾಲಿನಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಕೆಲಸಕ್ಕೆ ಹೊಸಬಳು, ಅವಳ ಊರಿನಲ್ಲಿ ಅವಳ ತಂಗಿಯೂ ಬಸುರಿಯಂತೆ. "ಸಿಸ್ಟರ್, ನಿಮ್ಮ ಮಗಳೂ ಬಸುರಿ ಇದ್ರಲ್ಲ, ಅವರ ಮನೆಗೆ ಅಂತ ಒಂದಾದ್ರೂ ಎತ್ತಿಡಲಿಲ್ವಾ?" ಎಂದು ಕೇಳಿದಳು.

ಇಲ್ಲ ಎಂದೆ.

"ಭಯ ಆಗಲಿಲ್ವಾ?"

"ಆಯ್ತು. ಊಟ, ನಿದ್ದೆ ಎರಡೂ ಬಿಟ್ಟಿದ್ದೆ. ಆದ್ರೆ ಲೆಕ್ಕ ಹಾಕಿದ್ದು ನನ್ನ ತಂಗಿ" ಎಂದೆ.

ನಿನ್ನ
ಅಕ್ಕ